ಬೇಕರಿಯ ಮುಂದೆ ನೆಲ ಬಾಯಿಬಿಟ್ಟಾಗ

ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ಸಲ್ವಾ ಹದ್ದಾದಳ ಬೇಕರಿಯ ಮುಂದಿನ ಫುಟ್‌ಪಾತ್ ಕುಸಿದುಬಿತ್ತು. ಎದುರು ಸಾಲಿನ ತನ್ನ ಅಂಗಡಿಯಲ್ಲಿ ಆರ್ಲೋ ಕೀಫರ್ ಬೂಟೊಂದಕ್ಕೆ ಅಟ್ಟೆ ಹೊಲಿಯುತ್ತ ಕೂತಿದ್ದ. ಕಾಲಡಿಯ ಹಲಗೆ ನಡುಗಿತು, ಆಮೇಲೆ ಸದ್ದು ಬಂತು. ತಲೆಯೆತ್ತಿ ನೋಡಿದರೆ ಒಂದೂವರೆ ಗಂಟೆಯ ಹಿಂದೆ ಕ್ರೇನಿನಿಂದ ಇಳಿಸಿದ್ದ ಕಲ್ಲಿನ ಗಿಡದ ತೊಟ್ಟಿ ಕಾಣೆಯಾಗಿತ್ತು. ಅದರಲ್ಲಿ ಸಸಿ ನೆಡುತ್ತಿದ್ದ ಹೂವಿನಂಗಡಿಯ ಇನೆಜ್ ಟಾಲ್ಬಟ್ ಕೂಡ ಕಾಣೆಯಾಗಿದ್ದಳು.

ಆರ್ಲೋ ಕೈಯಲ್ಲಿದ್ದ ಬೂಟಿನ ಸಮೇತ ಓಡಿದ. ಸಲ್ವಾ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಕೂಗುತ್ತಿದ್ದಳು: "ಇನೆಜ್! ಉಸಿರಿದೆಯೇನೇ?"

"ಉಸಿರೂ ಇದೆ, ಬಾಯೂ ಇದೆ," ಎಂದು ಕೆಳಗಿನಿಂದ ದನಿ ಬಂತು. "ಕಾಲು ಮಾತ್ರ ಎತ್ತಲೋ ತಿರುಗಿಕೊಂಡಿದೆ. ಯಾರಾದ್ರೂ ಇಳೀರಿ, ಮೇಲೆ ನಿಂತ್ಕೊಂಡು ಹೆಸರು ಕೂಗ್ಬೇಡಿ!"

ಎಲ್ಲರಿಗಿಂತ ಮೊದಲು ಇಳಿದವನು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಡೆಲ್ಬರ್ಟ್ ಸ್ಟ್ರೋಬೆಲ್. ತನ್ನದೇ ಅಂಗಡಿಯ ಏಣಿ ತಂದು ಗುಂಡಿಗೆ ಇಳಿಬಿಟ್ಟು, ಮಣ್ಣು ಧೂಳು ಲೆಕ್ಕಿಸದೆ ಹೋಗಿ ಆಂಬುಲೆನ್ಸ್ ಬರುವವರೆಗೂ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬಲಗಾಲು ಎರಡು ಕಡೆ ಮುರಿದಿತ್ತು. ಜೀವಕ್ಕೆ ಅಪಾಯವಿರಲಿಲ್ಲ.

ಓಹಾಯೋ ನದಿಯ ಮೇಲಿನ ಗುಡ್ಡದಲ್ಲಿರುವ ಕ್ಯಾಲ್ವರ್ಟ್ ಬೀದಿಗೆ ಆ ವಾರ ಪರೀಕ್ಷೆಯ ವಾರ. ಆರ್ಲೋ ಚಿಕ್ಕವನಿದ್ದಾಗ ಅಲ್ಲಿ ಶನಿವಾರ ಹೆಗಲಿಗೆ ಹೆಗಲು ತಾಗದೆ ನಡೆಯುವಂತಿರಲಿಲ್ಲ. ನಲವತ್ತು ವರ್ಷದ ಹಿಂದೆ ಅದನ್ನು ನಾಲ್ಕು ಸಾಲಿನ ಏಕಮುಖ ರಸ್ತೆ ಮಾಡಿದರು. ಅಂದಿನಿಂದ ಕಾರುಗಳು ಸೇತುವೆಯ ಕಡೆಗೆ ಬಾಣದಂತೆ ಹೋದವು, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅರವತ್ತು ಅಂಗಡಿಗಳಲ್ಲಿ ಉಳಿದದ್ದು ಇಪ್ಪತ್ಮೂರು. ಬೀದಿಯ ಕೊನೆಯ ಸೇಂಟ್ ಲುಡ್ಮಿಲಾ ಚರ್ಚೂ ಮುಚ್ಚಿತು. ಅದರ ಹೆಸರಾಂತ, ಒಂಬತ್ತು ಅಡಿ ಎತ್ತರದ, ಬಣ್ಣದ ಗಾಜಿನ ಆರು ಕಿಟಕಿಗಳು ಹನ್ನೆರಡು ವರ್ಷದ ಹಿಂದೆ ಕಳುವಾಗಿ, ಈಗ ಅಲ್ಲಿ ಪ್ಲೈವುಡ್ ಹಲಗೆಗಳಿದ್ದವು.

ಬೀದಿಯನ್ನು ಮತ್ತೆ ಎರಡು ದಿಕ್ಕಿನದು ಮಾಡಿ, ಫುಟ್‌ಪಾತ್ ಅಗಲಿಸಿ, ಮರ ನೆಟ್ಟು, ಬೆಂಚು ಹಾಕಿ, ಚರ್ಚನ್ನು ಸಂತೆಯ ಮನೆ ಮಾಡಬೇಕೆಂಬ ಯೋಜನೆ ಗ್ರೇಡಿ ವಿನ್ಸ್‌ಲೆಟ್‌ನದು. ಬೇಕರಿಯ ಇನ್ನೊಂದು ಪಕ್ಕದಲ್ಲಿ ಹಳೆಯ ಪೀಠೋಪಕರಣಗಳ ಅಂಗಡಿ ಇಟ್ಟಿದ್ದ ಗ್ರೇಡಿ ವ್ಯಾಪಾರಿ ಸಂಘದ ಅಧ್ಯಕ್ಷ. ಆರು ವರ್ಷ ಮನೆಮನೆ ತಿರುಗಿ ಜನರನ್ನು ಒಪ್ಪಿಸಿದ್ದ. ನಗರದವರು ಕೊನೆಗೆ ಹತ್ತು ದಿನದ ಪ್ರಯೋಗಕ್ಕೆ ಒಪ್ಪಿದ್ದರು. ಬಣ್ಣ ಬಳಿದು, ಮರದ ಜಗಲಿ ಕಟ್ಟಿ, ತೊಟ್ಟಿ ಇಟ್ಟು ನೋಡುವುದು. ಸರಿ ಕಂಡರೆ ವಸಂತದಲ್ಲಿ ಕಲ್ಲು ಹಾಸುವುದು.

ನಗರದ ಎಂಜಿನಿಯರ್ ರೊವೀನಾ ಪೈಕ್ ಅರ್ಧ ಗಂಟೆಯಲ್ಲಿ ಬಂದಳು. ಆ ಬೀದಿಯ ಫುಟ್‌ಪಾತುಗಳ ಕೆಳಗೆ ಅಂಗಡಿಗೊಂದರಂತೆ ಹಳೆಯ ಕಲ್ಲಿದ್ದಲ ಕೋಣೆಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಹಲಗೆಯ ಬಾಗಿಲು. ಬೇಕರಿಯ ಕೋಣೆಯಲ್ಲಿ ಬಿರುಕುಬಿಟ್ಟ ತೊಲೆಯೊಂದಕ್ಕೆ ಬಹಳ ವರ್ಷದಿಂದ ಓಕ್ ಮರದ ಕಂಬ ಆಸರೆಯಾಗಿತ್ತು. ಪೈಕ್ ಟಾರ್ಚ್ ಹಿಡಿದು ಕೆಳಗೆ ಹೋಗಿ ಬಂದಳು.

"ಕಂಬ ಮುರಿದಿಲ್ಲ," ಎಂದಳು. "ಯಾರೋ ತೆಗೆದಿಟ್ಟಿದಾರೆ."

ಪೊಲೀಸಿನವನು ಪುಸ್ತಕ ತೆರೆದ. ಜನರೆಲ್ಲ ಸ್ಟ್ರೋಬೆಲನ ಕಡೆ ತಿರುಗಿದರು. ಯೋಜನೆಯನ್ನು ಬೀದಿಯಲ್ಲಿ ನಿಂತು ಬೈಯುತ್ತಿದ್ದವನು ಅವನೊಬ್ಬನೇ. "ಆ ತೊಟ್ಟಿಗಳೆಲ್ಲ ಪಾತಾಳಕ್ಕೆ ಇಳಿದುಹೋಗ್ಲಿ" ಎಂದು ಸೋಮವಾರ ಅವನು ಕೂಗಿದ್ದನ್ನು ಇಪ್ಪತ್ತು ಜನ ಕೇಳಿದ್ದರು.

"ಹೌದು, ಅಂದೆ," ಎಂದ ಸ್ಟ್ರೋಬೆಲ್. ಅವನ ಅಂಗಿಯ ಮೇಲೆ ಇನೆಜಳ ರಕ್ತವಿತ್ತು. "ಬಾಯಿ ನನ್ನದು, ಅಂದೆ. ಕೈ ನನ್ನದಲ್ಲ."

ಅಷ್ಟು ಹೊತ್ತಿಗೆ ಗ್ರೇಡಿ ಬಂದ. ಬೆಳಗ್ಗೆ ಎಂಟರಿಂದ ಪುರಭವನದಲ್ಲಿ ಯೋಜನೆಯ ವಿವರ ಕೊಡುತ್ತಿದ್ದ ಆತ ಟೈ ಕೂಡ ಸಡಿಲಿಸಿರಲಿಲ್ಲ. ಗುಂಡಿಯನ್ನೂ ಅದರೊಳಗಿನ ಒಡೆದ ತೊಟ್ಟಿಯನ್ನೂ ನೋಡಿ ಸುಣ್ಣದಂತೆ ಬಿಳಿಚಿಕೊಂಡ.

"ಇವತ್ತು ಬುಧವಾರ ತಾನೇ?" ಎಂದ.

"ಪಾಪ, ತಲೆ ಕೆಟ್ಟುಹೋಗಿದೆ," ಎಂದು ಸಲ್ವಾ ಅವನ ತೋಳು ಹಿಡಿದುಕೊಂಡಳು. ಆರು ವರ್ಷದ ದುಡಿಮೆ ನೆಲಕ್ಕೆ ಬಿದ್ದರೆ ಯಾರಿಗೆ ತಾನೇ ತಲೆ ನಿಲ್ಲುತ್ತದೆ ಎಂದು ಆರ್ಲೋಗೂ ಅನಿಸಿತು.

"ನಾಳೆ ನಾಲ್ಕು ಗಂಟೆಗೆ ಚರ್ಚಿನಲ್ಲಿ ಸಭೆ," ಪೈಕ್ ಹೇಳಿದಳು. "ಇದು ಹೇಗಾಯ್ತು ಅಂತ ಗೊತ್ತಾಗದೆ ಹೋದ್ರೆ ಪ್ರಯೋಗ ಅಲ್ಲಿಗೆ ಮುಗೀತು. ಇನ್ನೊಂದು ಸಲ ಕೇಳೋಕೆ ನಿಮಗೆ ಮುಖ ಇರಲ್ಲ, ಕೊಡೋಕೆ ನಮಗೆ ಧೈರ್ಯ ಇರಲ್ಲ."

"ನಾಳೆ ನಾಲ್ಕು ಗಂಟೆ ಧಾರಾಳವಾಯ್ತು," ಎಂದು ಹಿಂದಿನಿಂದ ಒಂದು ಸಮಾಧಾನದ ದನಿ ಕೇಳಿಸಿತು.

ವರ್ನೀಟಾ ಪೆಟಿಗ್ರೂ ಬಂದಿದ್ದರು.

ಆರ್ಲೋನ ಅಂಗಡಿಯ ಮಹಡಿಯಲ್ಲಿ ವಾಸವಿದ್ದ ವರ್ನೀಟಾ ಅವರಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಮೂವತ್ಮೂರು ವರ್ಷ ಇದೇ ಬೀದಿಯಲ್ಲಿ ಅಂಚೆ ಹಂಚಿದ್ದರು. ಯಾರ ಬಾಗಿಲ ಚಿಲಕ ಸಡಿಲ, ಯಾರು ಯಾವ ಪತ್ರ ಕಂಡರೆ ಮುಖ ಗಂಟಿಕ್ಕುತ್ತಾರೆ ಎಲ್ಲ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೆ ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದದ್ದು ಅವರ ಹತ್ತಿರ. ಆಗೆಲ್ಲ ಆರ್ಲೋನೂ ಜೊತೆಗೆ ಹೋಗುತ್ತಿದ್ದ. ಅದಕ್ಕಾಗಿ ಅಂಗಡಿ ಮುಚ್ಚಬೇಕಾದದ್ದಕ್ಕೆ ಅವನು ಎಂದೂ ಮರುಗಿದವನಲ್ಲ.

"ಮಿಸ್ ವರ್ನೀಟಾ, ಕೆಳಗೆ ಅಪಾಯ," ಎಂದಳು ಪೈಕ್.

"ಉಳಿದ ಚಾವಣಿಗೆ ಜಾಕ್ ಕೊಟ್ಟಿದೀರಲ್ಲ. ಹತ್ತು ನಿಮಿಷ ಸಾಕು. ಆರ್ಲೋ, ಟಾರ್ಚ್ ಹಿಡಿ."

ಕೆಳಗೆ ಒದ್ದೆ ಮಣ್ಣಿನ, ಕಲ್ಲಿದ್ದಲ ಮಸಿಯ ವಾಸನೆ. ಎಡಕ್ಕೆ ಸ್ಟ್ರೋಬೆಲನ ಕೋಣೆಯ ಬಾಗಿಲು, ಬಲಕ್ಕೆ ಗ್ರೇಡಿಯ ಕೋಣೆಯ ಬಾಗಿಲು. ಯಾವುದಕ್ಕೂ ಬೀಗವಿರಲಿಲ್ಲ. ನೇರ ಮುಂದೆ ಬೇಕರಿಯ ನೆಲಮಾಳಿಗೆಗೆ ಹೋಗುವ ದಾರಿ. ಈ ಮೂರೂ ಸೇರುವ ತಿರುವಿನಲ್ಲೇ, ನೆಲದ ಮೇಲೆ, ಕಂಬ ನಿಂತಿದ್ದ ಚೌಕದ ಗುರುತು ಕಾಣುತ್ತಿತ್ತು.

"ಕಂಬ ಎಲ್ಲಿದೆ, ಹೇಗಿದೆ, ಹೇಳು."

"ಗೋಡೆಗೆ ಒರಗಿಸಿದೆ. ಜಾರದ ಹಾಗೆ ಬುಡಕ್ಕೆ ಇಟ್ಟಿಗೆ ಕೊಟ್ಟಿದಾರೆ."

"ಬೆಣೆಗಳು?"

ಆರ್ಲೋ ಹುಡುಕಿದ. ಕಂಬವನ್ನು ಬಿಗಿ ಮಾಡುತ್ತಿದ್ದ ಎರಡು ಬೆಣೆಗಳೂ ಗೋಡೆಯ ಗೂಡಿನಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದವು. "ಬಚ್ಚಲಲ್ಲಿ ಸೋಪು ಇಟ್ಟ ಹಾಗೆ ಇಟ್ಟಿದಾರೆ," ಎಂದ.

ವರ್ನೀಟಾ ನಕ್ಕರು. ಆಮೇಲೆ ಸ್ಟ್ರೋಬೆಲನ ಕಡೆಯ ಗೋಡೆಯ ಮೇಲೆ ಬೆಳಕು ಬಿಡಲು ಹೇಳಿದರು. ಎದೆಮಟ್ಟದಲ್ಲಿ ಬಿಲ್ಲಿನಂತೆ ಬಾಗಿದ ಹೊಸ ಗೀರೊಂದು ಬೇಕರಿಯ ದಾರಿಯ ಕಡೆಗೆ ಹೋಗಿತ್ತು. ಅಲ್ಲೇ ಒಂದು ಮೊಳೆಗೆ ಬೂದುಬಣ್ಣದ ದಪ್ಪ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಅವರು ಬಗ್ಗಿ ಮಸಿಯೊಳಗಿಂದ ಏನನ್ನೋ ಹೆಕ್ಕಿ ಆರ್ಲೋನ ಅಂಗೈಗೆ ಹಾಕಿದರು. ಉಗುರಿನಷ್ಟು ಚಿಕ್ಕ ನೀಲಿ ಗಾಜಿನ ಚೂರು.

"ಫುಟ್‌ಪಾತಿನ ಗಾಜು," ಎಂದ ಆರ್ಲೋ. ಕೆಳಗೆ ಬೆಳಕು ಬರಲೆಂದು ಹಳಬರು ಫುಟ್‌ಪಾತಿನಲ್ಲಿ ಗಾಜಿನ ಬಿಲ್ಲೆಗಳನ್ನು ಕೂರಿಸಿದ್ದರು.

"ನಿನ್ನದು ಚರ್ಮದ ದಪ್ಪ ಅಳೆಯೋ ಕೈ. ಸರಿಯಾಗಿ ನೋಡು ಮಾರಾಯ."

ಆರ್ಲೋ ಬೆರಳುಗಳ ನಡುವೆ ಹಿಡಿದು ನೋಡಿದ. ಮಹಿಳೆಯರ ಚಪ್ಪಲಿಯ ಒಳಪದರದಷ್ಟು ತೆಳು. ಫುಟ್‌ಪಾತಿನ ಬಿಲ್ಲೆಗಳು ಎರಡು ಬೆರಳು ದಪ್ಪ, ಬಿಸಿಲಿಗೆ ನೇರಳೆಗೆ ತಿರುಗಿದವು. ಈ ಚೂರಿನ ಒಂದು ಮಗ್ಗುಲಲ್ಲಿ ಕುಂಚದಿಂದ ಎಳೆದ ಕಪ್ಪು ಗೆರೆಯೂ ಇತ್ತು.

"ಅಲ್ಲ," ಎಂದ. "ಫುಟ್‌ಪಾತಿನದಲ್ಲ. ಮತ್ತೆ ಎಲ್ಲಿಯದು?"

"ಅದನ್ನ ನಾಳೆ ಹೇಳ್ತೀನಿ. ಈಗ ಹಸಿವು."

ಮರುದಿನ ಬೆಳಗ್ಗೆ ಅವರಿಬ್ಬರೂ ಮೂರು ಕಡೆ ಹೋದರು. ಮೊದಲು ಬೇಕರಿ. ಸಲ್ವಾ ಪಾಲಕ್ ತುಂಬಿದ ಬಿಸಿ ಬನ್ನುಗಳನ್ನು ಮುಂದಿಟ್ಟಳು. ಕೊಳ್ಳುವವರಿಲ್ಲದೆ ತಟ್ಟೆ ತುಂಬ ಉಳಿದಿದ್ದವು.

"ಮಂಗಳವಾರ ನಿನಗೆ ರಜೆ ಅಲ್ವಾ?" ಎಂದು ವರ್ನೀಟಾ ಕೇಳಿದರು. "ಓಣಿಯ ಕಡೆಯ ಬಾಗಿಲು?"

"ಹಿಟ್ಟಿನ ಮೂಟೆ ಇಳಿಸೋ ಬಾಗಿಲಾ? ಒಳಗಿಂದ ಚಿಲಕ ಹಾಕಿರ್ತೀನಿ. ಆದ್ರೆ ಬುಧವಾರ ಬಂದಾಗ ಚಿಲಕ ತೆಗೆದೇ ಇತ್ತು. ನಾನೇ ಮರೆತೆ ಅಂದ್ಕೊಂಡೆ. ವಯಸ್ಸಾಯ್ತು ನೋಡಿ."

"ನಿನಗೆ ವಯಸ್ಸಾಗಿಲ್ಲ, ಚಿಲಕಕ್ಕೆ ಬೇರೆ ಯಾರದೋ ಕೈ ತಾಗಿದೆ," ಎಂದು ವರ್ನೀಟಾ ಇನ್ನೊಂದು ಬನ್ನು ತೆಗೆದುಕೊಂಡರು.

ಆಸ್ಪತ್ರೆಯಲ್ಲಿ ಇನೆಜ್ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಪಕ್ಕದ ಹಾಸಿಗೆಯವರಿಗೆ ಹೂದಾನಿ ಜೋಡಿಸುವುದು ಹೇಗೆಂದು ಹೇಳುತ್ತಿದ್ದಳು.

"ಎಲ್ಲರ ಬಾಗಿಲಿಗೂ ಗ್ರೇಡಿ ಅಂಟಿಸಿದ ಪಟ್ಟಿಯಲ್ಲಿ ತೊಟ್ಟಿ ಬರೋದು ಗುರುವಾರ ಅಂತಿದೆ," ವರ್ನೀಟಾ ಹೇಳಿದರು. "ಬುಧವಾರ ಯಾಕೆ ಬಂತು?"

"ಗುರುವಾರ ಕ್ರೇನ್ ಸಿಗಲ್ಲ ಅಂದ್ರು. ಮಂಗಳವಾರ ಸಂಜೆ ಎಲ್ಲರ ಅಂಗಡಿಗೂ ಹೋಗಿ ಹೇಳಿಬಂದೆ, ಸಲ್ವಾಗೆ ಮನೆಗೇ ಫೋನ್ ಮಾಡ್ದೆ. ಡೆಲ್ಬರ್ಟ್‌ಗೂ ಹೇಳ್ದೆ. ತನಗೆ ಗೊತ್ತಿರೋ ಬೈಗುಳವೆಲ್ಲ ಮುಗಿಸಿ, ಆಮೇಲೆ ಕಾಫಿ ಕುಡಿತೀಯಾ ಅಂದ. ಗ್ರೇಡಿ ಮಾತ್ರ ಸಿಗಲಿಲ್ಲ. ಅಂಗಡಿ ಬಾಗಿಲು ಹಾಕಿತ್ತು, ಫೋನೂ ಎತ್ತಲಿಲ್ಲ."

ಮೂರನೆಯದಾಗಿ ವರ್ನೀಟಾ ಹೋಗಿ ನಿಂತದ್ದು ಗ್ರೇಡಿಯ ಅಂಗಡಿಯ ಮುಂದೆ. ಸೋಮವಾರ ಅಲ್ಲಿ ಕೂರಲು ಮರದ ಜಗಲಿ ಕಟ್ಟಿದ್ದರು. ಅದರ ಮೇಲೆ ಹತ್ತಿ, ಕುಣಿಯುವವರಂತೆ ಕಾಲು ಅಪ್ಪಳಿಸಿದರು. ಒಂದು ಕಡೆ ಬರೀ ಮರದ ಸದ್ದು. ಇನ್ನೊಂದು ಕಡೆ ಅಡಿಯಿಂದ ಕಬ್ಬಿಣ ಝಣ್ ಎಂದಿತು.

"ಇಲ್ಲಿ ಗ್ರೇಡಿಯ ನೆಲದ ಕದ ಇತ್ತು," ಎಂದ ಆರ್ಲೋ. "ಕೆಳಗಿಂದ ಬೀರು, ಮೇಜು ಎತ್ತೋ ಕದ. ಈಗ ಜಗಲಿ ಅಡೀಲಿ ಹೋಯ್ತು."

"ಹೋಯ್ತಲ್ಲ," ಎಂದು ವರ್ನೀಟಾ ಸಂತೋಷದಿಂದ ಹೇಳಿ, ಪೈಕ್‌ಗೆ ಫೋನ್ ಮಾಡಲು ಹೋದರು.

ನಾಲ್ಕು ಗಂಟೆಗೆ ಸೇಂಟ್ ಲುಡ್ಮಿಲಾ ಚರ್ಚಿನಲ್ಲಿ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಪ್ಲೈವುಡ್ ಮುಚ್ಚಿದ ಕಿಟಕಿಗಳಿಂದಾಗಿ ಹಗಲಲ್ಲೇ ದೀಪ ಹಾಕಬೇಕಾಗಿತ್ತು. ಇನೆಜ್ ವೈದ್ಯರೊಂದಿಗೆ ಜಗಳವಾಡಿ ಗಾಲಿಕುರ್ಚಿಯಲ್ಲಿ ಬಂದಿದ್ದಳು. ಸ್ಟ್ರೋಬೆಲನ ಸುತ್ತ ಮೂರು ಸಾಲು ಖಾಲಿ. ಆರ್ಲೋ ಹೋಗಿ ಅವನ ಪಕ್ಕದಲ್ಲಿ ಕೂತ.

"ನಿನಗ್ಯಾಕಯ್ಯಾ ಈ ಉಸಾಬರಿ?" ಎಂದ ಸ್ಟ್ರೋಬೆಲ್.

"ಜಾಗ ಖಾಲಿ ಇತ್ತು," ಎಂದ ಆರ್ಲೋ.

ಪೈಕ್ ಮಾತಾಡಲು ಕರೆದಳು. ವರ್ನೀಟಾ ಎದ್ದು, ಅಂಚೆ ಚೀಲ ಹೆಗಲಿಗಿದ್ದ ದಿನಗಳಂತೆ ನೆಟ್ಟಗೆ ನಿಂತರು.

"ನಿನ್ನೆಯಿಂದ ನೀವೆಲ್ಲ ಒಂದೇ ಪ್ರಶ್ನೆ ಕೇಳ್ತಿದೀರಿ. ಈ ಯೋಜನೆ ಯಾರಿಗೆ ಬೇಡ? ಉತ್ತರ ಸುಲಭ, ಡೆಲ್ಬರ್ಟ್‌ಗೆ ಬೇಡ. ಆದರೆ ಆ ಪ್ರಶ್ನೆಯೇ ತಪ್ಪು. ನೆಲ ಕುಸೀಲಿ ಅಂತ ಕಂಬ ಕಿತ್ತವನು ಅದನ್ನ ಎಸೆದು ಹೋಗ್ತಾನೆ. ಇಲ್ಲಿ ಕಂಬ ಜೋಪಾನವಾಗಿ ಒರಗಿಸಿತ್ತು, ಬೆಣೆಗಳು ಗೂಡಲ್ಲಿ ಜೋಡಿಸಿದ್ವು. ಅಂದ್ರೆ ಮತ್ತೆ ಹಾಕೋಕೆ ಅಂತಲೇ ತೆಗೆದದ್ದು. ನೆಲ ಬೀಳಿಸೋ ಮನಸ್ಸು ಅವನಿಗೆ ಇರಲಿಲ್ಲ. ಹಾಗಾದ್ರೆ ಯಾಕೆ ತೆಗೆದ? ಕಂಬ ಇದ್ದದ್ದು ತಿರುವಿನಲ್ಲಿ. ಏನೋ ಉದ್ದದ್ದು ಆ ತಿರುವಿನಲ್ಲಿ ತಿರುಗಬೇಕಿತ್ತು, ಕಂಬ ಅಡ್ಡ ಬಂತು."

ಸಭೆಯಲ್ಲಿ ಪಿಸುಮಾತು ಎದ್ದಿತು.

"ಆ ಉದ್ದದ್ದು ಎಲ್ಲಿಂದ ಬಂತು? ಗೀರು ಬಿದ್ದಿರೋದು ಡೆಲ್ಬರ್ಟನ ಕಡೆಯ ಗೋಡೆ ಮೇಲೆ. ಅವನ ಬಾಗಿಲಿಂದ ಬಂದಿದ್ರೆ ಅದರ ಮೂತಿ ಎದುರು ಗೋಡೆಗೆ ತಾಗ್ತಿತ್ತು. ಬಂದದ್ದು ಗ್ರೇಡಿಯ ಕಡೆಯಿಂದ. ಹೋದದ್ದು ಬೇಕರಿಯ ನೆಲಮಾಳಿಗೆಗೆ, ಅಲ್ಲಿಂದ ಓಣಿಗೆ. ಮಂಗಳವಾರ, ಸಲ್ವಾ ಇಲ್ಲದ ದಿನ. ಬುಧವಾರ ಅವಳಿಗೆ ಚಿಲಕ ತೆಗೆದದ್ದು ಕಂಡಿದೆ. ಡೆಲ್ಬರ್ಟನ ಅಂಗಡಿಗೆ ಓಣಿಯ ಕಡೆ ಇಳಿಜಾರಿನ ದೊಡ್ಡ ಬಾಗಿಲೇ ಇದೆ, ಅವನು ಬೇರೆಯವರ ಮನೆ ತುಳೀಬೇಕಿಲ್ಲ. ಗ್ರೇಡಿಗೆ ಇದ್ದದ್ದು ಉದ್ದದ್ದೇನೂ ಹತ್ತದ ಸುತ್ತು ಮೆಟ್ಟಿಲು ಮತ್ತು ಫುಟ್‌ಪಾತಿನ ಕದ. ಆ ಕದದ ಮೇಲೆ ಸೋಮವಾರ ಅವನ ಯೋಜನೆಯ ಜಗಲಿಯೇ ಕೂತಿತು."

ಗ್ರೇಡಿ ವೇದಿಕೆಯ ಮೇಲೆ ತನ್ನ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದ. ಸಲ್ವಾ ಎದ್ದುನಿಂತಳು. "ಮಿಸ್ ವರ್ನೀಟಾ, ಏನು ಹೇಳ್ತಿದೀರಿ? ಈ ಯೋಜನೆ ಹೆತ್ತವನೇ ಗ್ರೇಡಿ!"

"ಅದಕ್ಕೇ ಅವನು ನೆಲ ಬೀಳಿಸೋಕೆ ಹೊರಟಿರಲಿಲ್ಲ ಅಂತ ಮೊದಲೇ ಹೇಳಿದ್ದು. ಕೂತ್ಕೋ ಮಗಳೇ. ತೊಟ್ಟಿ ಗುರುವಾರ ಬರೋದು ಅಂತ ಪಟ್ಟಿ ಬರೆದವನು ಅವನು. ಬುಧವಾರವೇ ಬರುತ್ತೆ ಅಂತ ಗೊತ್ತಿಲ್ಲದಿದ್ದವನೂ ಅವನೊಬ್ಬನೇ. ಮಂಗಳವಾರ ಸಂಜೆ ಇನೆಜ್ ಎಲ್ಲರಿಗೂ ಹೇಳಿದಳು, ಅವನು ಕೈಗೆ ಸಿಗಲಿಲ್ಲ. ಯಾಕಂದ್ರೆ ನೆಲದ ಕೆಳಗಿದ್ದ. ಬುಧವಾರ ಮಧ್ಯಾಹ್ನ ಸಲ್ವಾ ಮನೆಗೆ ಹೋದ ಮೇಲೆ ಕೆಲಸ ಮುಗಿಸಿ ಕಂಬ ನಿಲ್ಲಿಸೋಣ ಅಂದ್ಕೊಂಡ. ನಡೆದುಹೋಗೋ ಜನರ ಭಾರ ಆ ತೊಲೆ ತಡೀತಿತ್ತು. ತೊಟ್ಟಿಯ ಭಾರ ತಡೀಲಿಲ್ಲ. ಗುಂಡಿ ಮುಂದೆ ನಿಂತು ಅವನು ಕೇಳಿದ ಮೊದಲ ಮಾತು 'ಇವತ್ತು ಬುಧವಾರ ತಾನೇ?' ನೀವೆಲ್ಲ ಅದನ್ನ ದುಃಖ ಅಂದ್ಕೊಂಡ್ರಿ. ಲೆಕ್ಕ ತಪ್ಪಿದವನ ಮಾತು ಅದು."

"ಏನನ್ನ ಸಾಗಿಸ್ತಿದ್ದ?" ಎಂದು ಸ್ಟ್ರೋಬೆಲ್ ಗುಡುಗಿದ.

ವರ್ನೀಟಾ ನೀಲಿ ಚೂರನ್ನು ದೀಪಕ್ಕೆ ಹಿಡಿದರು. "ಉಣ್ಣೆ ಎಳೆ, ಬೀರು ಸಾಗಿಸುವಾಗ ಹೊದಿಸೋ ಕಂಬಳಿಯದ್ದು. ಇದು ಫುಟ್‌ಪಾತಿನ ಗಾಜಲ್ಲ, ಆರ್ಲೋ ಅಳೆದು ಹೇಳಿದಾನೆ. ಒಂದು ಕಡೆ ಕುಂಚದ ಗೆರೆ ಇದೆ. ಗಾಜಿನ ಮೇಲೆ ಸಂತರ ಚಿತ್ರ ಬರೆಯುವಾಗ ಬಟ್ಟೆಯ ಮಡಿಕೆಗೆ ಹಾಕೋ ಗೆರೆ. ಒಂಬತ್ತು ಅಡಿ ಉದ್ದ, ತೆಳು ಬಣ್ಣದ ಗಾಜು, ಹಳೆ ಸಾಮಾನು ಬಲ್ಲವನ ಕೈ. ಬರೋ ಸೋಮವಾರ ಎಲ್ಲ ಕಲ್ಲಿದ್ದಲ ಕೋಣೆಗಳನ್ನೂ ತೆರೆದು ನೋಡ್ತೀವಿ ಅಂತ ಪೈಕ್ ಅವರ ಪತ್ರ ಈ ಸೋಮವಾರ ಎಲ್ಲರಿಗೂ ಬಂತು. ಗ್ರೇಡಿಗೆ ಉಳಿದದ್ದು ವಾರ ಮಾತ್ರ. ಅವನ ಕೋಣೆಯಲ್ಲಿ ಇನ್ನೂ ಏನಾದರೂ ಉಳಿದಿದ್ರೆ, ಅದನ್ನ ಈಗಲೇ ಹೋಗಿ ನೋಡಬಹುದು. ಓಣಿಯಲ್ಲಿ ಪೊಲೀಸಿನವರು ಕಾಯ್ತಿದಾರೆ."

"ಬೇಡ," ಎಂದ ಗ್ರೇಡಿ. ಎದ್ದುನಿಂತ. "ಎರಡು ಉಳಿದಿವೆ. ನಾಲ್ಕು ನನ್ನ ಗ್ಯಾರೇಜಿನಲ್ಲಿವೆ. ಈ ಚರ್ಚಿನ ಕಿಟಕಿಗಳು."

ಯಾರೋ ಅಳು ನುಂಗಿದ ಸದ್ದು ಕೇಳಿಸಿತು. ಆರ್ಲೋ ತನಗರಿವಿಲ್ಲದೆ ಪ್ಲೈವುಡ್ ಹಲಗೆಗಳತ್ತ ನೋಡಿದ.

"ಚರ್ಚು ಮುಚ್ಚಿದಾಗ ದೂರದ ಹೋಟೆಲಿನವನೊಬ್ಬ ಅವುಗಳನ್ನ ಕೇಳಿದ್ದ," ಗ್ರೇಡಿ ಹೇಳಿದ. "ಊಟದ ಮೇಜುಗಳ ಹಿಂದೆ ನಿಲ್ಲಿಸೋಕೆ. ನನ್ನ ಕೈಲಿ ನೋಡೋಕಾಗಲಿಲ್ಲ. ಒಂದು ಭಾನುವಾರ ಕಳಚಿ ತಂದೆ. ಗಲಾಟೆ ತಣ್ಣಗಾದ ಮೇಲೆ ಹೇಳೋಣ ಅಂದ್ಕೊಂಡೆ. ಕಳ್ಳ ಅಂತ ಎಲ್ಲರೂ ಶಪಿಸ್ತಿದ್ರಿ. ವರ್ಷ ಕಳೆದಷ್ಟೂ ಬಾಯಿ ಬರಲಿಲ್ಲ. ಚರ್ಚು ಆಮೇಲೆ ನಮ್ಮ ಸಂಘಕ್ಕೇ ಸೇರಿತು, ಆಗಲಾದರೂ ಹೇಳ್ಬಹುದಿತ್ತು. ಅಷ್ಟೊತ್ತಿಗೆ ನೀವು ನನ್ನನ್ನ ಅಧ್ಯಕ್ಷನ ಮಾಡಿದ್ರಿ." ಅವನು ಗಾಲಿಕುರ್ಚಿಯ ಕಡೆ ತಿರುಗಿದ. "ಇನೆಜ್, ನಿನ್ನ ಕಾಲು..."

"ನನ್ನ ಕಾಲಿನ ವಿಷಯ ಆಮೇಲೆ," ಎಂದಳು ಇನೆಜ್. "ನಿನ್ನೆಯಿಂದ ಇಡೀ ಬೀದಿ ಡೆಲ್ಬರ್ಟನ ಮುಖಕ್ಕೆ ಉಗಿದಿದೆ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ, ಅದಕ್ಕೇನು ಹೇಳ್ತೀಯ?"

ಗ್ರೇಡಿ ವೇದಿಕೆಯಿಂದ ಇಳಿದು, ಮೂರು ಖಾಲಿ ಸಾಲುಗಳನ್ನು ದಾಟಿ ಬಂದು ಸ್ಟ್ರೋಬೆಲನ ಮುಂದೆ ನಿಂತ. "ನಿನ್ನ ಮಾತನ್ನ ಹಿಡಿದು ಎಲ್ಲರೂ ನಿನ್ನ ಮೇಲೆ ಬಿದ್ದಾಗ ನನಗೆ ಒಳಗೊಳಗೇ ಹಗುರವಾಯ್ತು. ಅದು ಕಿಟಕಿ ಕದ್ದದ್ದಕ್ಕಿಂತ ಕೆಟ್ಟದ್ದು."

ಸ್ಟ್ರೋಬೆಲ್ ಎದ್ದು ಅವನ ಎದುರು ನಿಂತ. "ಹೌದು, ಕೆಟ್ಟದ್ದು," ಎಂದ. ಆಮೇಲೆ ಸಭೆಗೆಲ್ಲ ಕೇಳಿಸುವಂತೆ, "ಪೈಕ್ ಮೇಡಂ, ನಿಮ್ಮ ತಪಾಸಣೆ ನನ್ನ ಕೋಣೆಯಿಂದಲೇ ಶುರುಮಾಡಿ. ತೊಲೆ ಕಂಬ ಎಲ್ಲ ನೋಡಿ, ಗಟ್ಟಿ ಮಾಡಿಸಿ. ಪ್ರಯೋಗ ನಿಲ್ಲಿಸ್ಬೇಡಿ. ಈ ಯೋಜನೆ ನನಗೆ ಈಗಲೂ ಇಷ್ಟವಿಲ್ಲ. ಅದು ಸೋತ್ರೆ ನ್ಯಾಯವಾಗಿ ಸೋಲ್ಲಿ, ಬೇರೆಯವನ ಗುಟ್ಟಿಗೆ ಸಿಕ್ಕಿ ಸಾಯೋದು ಬೇಡ," ಎಂದ.

ಪೈಕ್ ವರ್ನೀಟಾ ಅವರ ಕಡೆ ನೋಡಿ ತಲೆಯಾಡಿಸಿದಳು. ಕೋಣೆಗಳ ಮೇಲಿದ್ದ ತೊಟ್ಟಿಗಳನ್ನೆಲ್ಲ ರಸ್ತೆಯ ಗಟ್ಟಿ ನೆಲಕ್ಕೆ ಸರಿಸುವುದು, ಪ್ರಯೋಗ ಮುಂದುವರಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಗ್ರೇಡಿ ಅಧ್ಯಕ್ಷ ಪದವಿ ಬಿಟ್ಟು, ಪೊಲೀಸರ ಜೊತೆ ಹೋಗಿ ಎಲ್ಲವನ್ನೂ ಬರೆದುಕೊಟ್ಟು, ಜಾಮೀನಿನ ಮೇಲೆ ಹೊರಬಂದ. ಅವನ ಪ್ರಕರಣ ಮುಂದೆ ನ್ಯಾಯಾಲಯಕ್ಕೆ ಹೋಯಿತು.

ಪೊಲೀಸರು ಕಿಟಕಿಗಳ ಚಿತ್ರ ತೆಗೆದುಕೊಂಡು ಸಂಘಕ್ಕೆ ಒಪ್ಪಿಸಿದ ಮೇಲೆ, ಪ್ರಯೋಗದ ಕೊನೆಯ ದಿನವಾದ ಭಾನುವಾರ, ಕಾರುಗಳನ್ನು ತಡೆದು ಅವುಗಳನ್ನು ಬೀದಿಯ ನಡುವಿನಿಂದಲೇ ಹೊತ್ತು ತಂದರು. ಒಂದೊಂದಕ್ಕೆ ನಾಲ್ಕು ಜನ. ನೆಟ್ಟಗೆ ನಿಲ್ಲಿಸಿ ಹಿಡಿದಿದ್ದರಿಂದ ಮಧ್ಯಾಹ್ನದ ಬಿಸಿಲು ಅವುಗಳನ್ನು ಹಾಯ್ದು ಕೆಂಪು, ಹಳದಿ, ನೀಲಿಯಾಗಿ ಡಾಂಬರಿನ ಮೇಲೆ ಹರಿಯುತ್ತ ಸಾಗಿತು. ಎರಡೂ ಕಡೆಯ ಫುಟ್‌ಪಾತುಗಳಲ್ಲಿ ಜನ ಕಿಕ್ಕಿರಿದಿದ್ದರು. ಸಲ್ವಾಳ ಬೇಕರಿಯಲ್ಲಿ ಹನ್ನೆರಡಕ್ಕೇ ಎಲ್ಲ ಖಾಲಿ.

ಕೊನೆಯ ಕಿಟಕಿಗೆ ಸ್ಟ್ರೋಬೆಲ್ ಮತ್ತು ಆರ್ಲೋ ಮುಂದೆ ಕೈ ಕೊಟ್ಟಿದ್ದರು. ಹಿಂದೆ ಒಬ್ಬ ಕಡಿಮೆ ಬಿದ್ದ. ತನ್ನ ಅಂಗಡಿಯ ಬಾಗಿಲ ನೆರಳಲ್ಲಿ ನಿಂತಿದ್ದ ಗ್ರೇಡಿಯನ್ನು ಯಾರೂ ಕರೆಯಲಿಲ್ಲ. ಅವನೂ ಕೇಳಲಿಲ್ಲ.

"ಏ ಗ್ರೇಡಿ, ನಿಂತು ಏನು ನೋಡ್ತೀಯ?" ಎಂದು ಇನೆಜ್ ಗಾಲಿಕುರ್ಚಿಯಿಂದ ಕೂಗಿದಳು. ಅವನು ಬಂದು ಹಿಂದಿನ ಮೂಲೆಗೆ ಕೈ ಕೊಟ್ಟ. ಕಿಟಕಿ ತನ್ನೆದುರಿಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು.

ಬಣ್ಣಗಳು ಅವಳ ಮುಖದ ಮೇಲೂ ಬಿಳಿ ಪ್ಲಾಸ್ಟರಿನ ಮೇಲೂ ನಿಂತವು.

"ನನ್ನ ಮದುವೆ ಆಗಿದ್ದು ಇದರ ಕೆಳಗೆ," ಎಂದಳು. "ಇಷ್ಟು ಹತ್ತಿರದಿಂದ ಅವತ್ತೂ ನೋಡಿರಲಿಲ್ಲ." ಕಣ್ಣೊರೆಸಿಕೊಂಡಳು. "ಸರಿ, ನಡೀರಿ. ಗ್ರೇಡಿ, ಗಟ್ಟಿಯಾಗಿ ಹಿಡ್ಕೋ."